ಚೆಂಡು, ಗೋಡೆ ಮತ್ತು ಸೂತ್ರದ ಆ ಅರ್ಧ: ಹೈಸ್ಕೂಲ್ ಮಕ್ಕಳ ಜೊತೆ ಒಂದು ಗೇಮ್ ಕಟ್ಟಿದ ಲಾಗ್

ಕಟ್ಟಬೇಕಾದದ್ದು ಇಷ್ಟೇ. ಪರದೆಯ ಎಡಗಡೆ ಒಂದು ಚೆಂಡು, ಬಲಗಡೆ ಒಂದು ಬುಟ್ಟಿ. ಆಡುವವರು ವೇಗ ಮತ್ತು ಕೋನ ಕೊಡುತ್ತಾರೆ, ಚೆಂಡು ಹಾರುತ್ತದೆ. ಬುಟ್ಟಿಗೆ ಬಿದ್ದರೆ ಮುಂದಿನ ಹಂತ. ಮೊದಲು ಕಾಗದದ ಮೇಲೆ, ಆಮೇಲೆ ಸ್ಕ್ರ್ಯಾಚ್‌ನಲ್ಲಿ (ಬ್ಲಾಕ್‌ಗಳನ್ನು ಒಂದಕ್ಕೊಂದು ಜೋಡಿಸಿ ಪ್ರೋಗ್ರಾಂ ಬರೆಯುವ ಸಾಧನ), ಕೊನೆಗೆ ಫೋನಿನಲ್ಲಿ ಆಡುವ ಆ್ಯಪ್ ಆಗಿ. ಕಟ್ಟುವವರು ಹತ್ತನೇ ತರಗತಿಯ ಮಕ್ಕಳು, ಇಬ್ಬಿಬ್ಬರ ಜೋಡಿಯಾಗಿ. ನಾನು ಗಣಿತ, ವಿಜ್ಞಾನದ ಮೇಷ್ಟ್ರು. ಕಂಪ್ಯೂಟರ್ ಲ್ಯಾಬ್ ಸಿಕ್ಕ ಅವಧಿಗಳಲ್ಲಿ ನಡೆದ ಕೆಲಸ ಇದು. ಇದೇ ದಾರಿಯಲ್ಲಿ ಕಲಿಸಲು ಹೊರಟವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆದಿಡುತ್ತಿದ್ದೇನೆ.

ಶುರುವಿನಲ್ಲೇ ಒಂದನ್ನು ಬೇಡ ಅಂದೆವು: ಕ್ವಿಜ್. ಗೇಮ್ ಮೂಲಕ ಪಾಠ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಅದೇ. ಸರಿ ಉತ್ತರಕ್ಕೆ ಬಾಗಿಲು ತೆರೆಯುತ್ತದೆ, ತಪ್ಪಾದರೆ ಒಂದು ಲೈಫ್ ಹೋಗುತ್ತದೆ. ಕಟ್ಟುವುದು ಸುಲಭ, ನಿಜ. ಆದರೆ ಆ ಬಾಗಿಲಿಗೂ ಪಾಠಕ್ಕೂ ಏನು ಸಂಬಂಧ? ಪ್ರಶ್ನೆಗಳನ್ನು ಬದಲಿಸಿದರೆ ಅದೇ ಗೇಮ್ ವ್ಯಾಕರಣಕ್ಕೂ ಆಗುತ್ತದೆ, ಇತಿಹಾಸಕ್ಕೂ ಆಗುತ್ತದೆ. ನನಗೆ ಬೇಕಿದ್ದದ್ದು ಪಾಠದ ನಿಯಮವೇ ಗೇಮಿನ ನಿಯಮವೂ ಆಗಿರುವಂಥದ್ದು. ನಿಯಮ ತಪ್ಪಿದರೆ ಗೇಮೇ ಕೆಡಬೇಕು. ಆಗ ರಿಪೇರಿ ಮಾಡುವವರು ಪಾಠಕ್ಕೆ ಕೈ ಹಾಕಲೇಬೇಕಾಗುತ್ತದೆ.

ಇದು ಹೊಸ ಯೋಚನೆಯೇನಲ್ಲ. 1967ರಲ್ಲಿ ಸೀಮರ್ ಪ್ಯಾಪರ್ಟ್, ಸಿಂಥಿಯಾ ಸೊಲೊಮನ್ ಮತ್ತು ಜೊತೆಗಾರರು ಲೋಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದೇ ಮಕ್ಕಳು ಗಣಿತವನ್ನು ಕಟ್ಟಿ ನೋಡಲಿ ಅಂತ. 2007ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನಿಂದ ಬಂದ ಸ್ಕ್ರ್ಯಾಚ್ ಅದೇ ವಂಶದ್ದು.

ಕಾಗದದ ಗೇಮ್

ಕಂಪ್ಯೂಟರ್ ಆನ್ ಮಾಡುವ ಮೊದಲು ಗ್ರಾಫ್ ಹಾಳೆ ಕೊಟ್ಟೆ. ಚೆಂಡು ಮೂಲೆಯ ಸೊನ್ನೆಯಲ್ಲಿದೆ. ಪ್ರತಿ ಆಟಗಾರ ಎರಡು ಸಂಖ್ಯೆ ಆರಿಸಿಕೊಳ್ಳಬೇಕು. ಒಂದು ಅಡ್ಡವೇಗ, ಇನ್ನೊಂದು ಮೇಲ್ವೇಗ. ಪ್ರತಿ ಸರದಿಯಲ್ಲಿ ಅಡ್ಡವೇಗದಷ್ಟು ಬಲಕ್ಕೆ, ಮೇಲ್ವೇಗದಷ್ಟು ಮೇಲಕ್ಕೆ ಹೋಗಿ ಚುಕ್ಕೆ ಇಡಬೇಕು. ಆಮೇಲೆ ಮೇಲ್ವೇಗದಲ್ಲಿ ಒಂದು ಕಳೆಯಬೇಕು. ಅಷ್ಟೇ ನಿಯಮ.

ಅಡ್ಡವೇಗ 3, ಮೇಲ್ವೇಗ 5 ಅಂತ ಇಟ್ಟುಕೊಂಡರೆ ಎತ್ತರ ಹೀಗೆ ಬರುತ್ತದೆ: 5, 9, 12, 14, 15, 15, 14, 12, 9, 5, 0. ಹನ್ನೊಂದನೇ ಸರದಿಯಲ್ಲಿ ಚೆಂಡು ನೆಲದ ಮೇಲೆ, 33ನೇ ಗೆರೆಯಲ್ಲಿ. ಚುಕ್ಕೆಗಳನ್ನು ಸೇರಿಸಿದಾಗ ಪರವಲಯ ತಾನಾಗಿ ಮೂಡುತ್ತದೆ. ಯಾರೂ ಅದನ್ನು ಬರೆಯಲು ಹೇಳಿರಲಿಲ್ಲ. ಅಡ್ಡಕ್ಕೆ ಚುಕ್ಕೆಗಳ ನಡುವಿನ ಅಂತರ ಒಂದೇ, ಮೇಲಕ್ಕೆ ಮಾತ್ರ ಬದಲಾಗುತ್ತಿದೆ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಹೇಳಿದರೂ ನಾಟುವುದು ಕಷ್ಟ. ಇಲ್ಲಿ ಬೆರಳೇ ಅದನ್ನು ಮಾಡುತ್ತಿತ್ತು.

ಕಾಗದದ ಹಂತ ಬಿಡಬೇಡಿ ಅಂತ ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣ ಇದೆ. ಕಂಪ್ಯೂಟರ್ ಮುಂದೆ ಕೂತ ಕೂಡಲೇ ಮಕ್ಕಳು ಚೆಂಡಿಗೆ ಬಣ್ಣ, ಬುಟ್ಟಿಗೆ ಕಣ್ಣು, ಹಿನ್ನೆಲೆಗೆ ಸಂಗೀತ ಹುಡುಕಲು ಹೋಗುತ್ತಾರೆ. ಅವಧಿ ಮುಗಿಯುತ್ತದೆ, ಚೆಂಡು ಅಲ್ಲೇ ಇರುತ್ತದೆ. ಕಾಗದದಲ್ಲಿ ಆಡಿ ಮಜಾ ಬಂದ ನಿಯಮಕ್ಕೆ ಮಾತ್ರ ಬ್ಲಾಕ್ ಜೋಡಿಸೋಣ ಅಂತ ಒಪ್ಪಂದ ಆಗಿದ್ದರೆ ಈ ಓಡಾಟ ಕಡಿಮೆ.

ಸ್ಕ್ರ್ಯಾಚ್‌ಗೆ ಏರಿಸಿದ್ದು

ಸ್ಕ್ರ್ಯಾಚ್ ಪರದೆ 480 ಅಗಲ, 360 ಎತ್ತರ. ನಡುಮಧ್ಯದಲ್ಲಿ ಸೊನ್ನೆ. ಎಕ್ಸ್ −240ರಿಂದ 240ರವರೆಗೆ, ವೈ −180ರಿಂದ 180ರವರೆಗೆ. ಚೆಂಡು ಹೊರಡುವ ಜಾಗ −200, −120. ಮಕ್ಕಳು ಚೆಂಡಿನ ಜಾಗವನ್ನು ನೇರವಾಗಿ ಬದಲಿಸದೆ ದೂರ, ಎತ್ತರ ಅಂತ ಬೇರೆ ವೇರಿಯಬಲ್ (ಸಂಖ್ಯೆ ನೆನಪಿಡುವ ಹೆಸರು) ಇಟ್ಟುಕೊಳ್ಳಲಿ ಅಂತ ಹೇಳಿದ್ದೆ. ಇದಕ್ಕೆ ಕಾರಣ ಇದೆ. ಸ್ಕ್ರ್ಯಾಚ್ ಯಾವ ಸ್ಪ್ರೈಟನ್ನೂ (ಚೆಂಡಿನಂಥ ಓಡಾಡುವ ಚಿತ್ರ) ಪರದೆಯಿಂದ ಪೂರ್ತಿ ಆಚೆ ಹೋಗಲು ಬಿಡುವುದಿಲ್ಲ, ಅಂಚಿನಲ್ಲೇ ಹಿಡಿದಿಡುತ್ತದೆ. ಚೆಂಡಿನ ನಿಜವಾದ ಲೆಕ್ಕ ವೇರಿಯಬಲ್‌ನಲ್ಲಿ ಇದ್ದರೆ ಅಂಚಿನ ಈ ಕಾಟ ಲೆಕ್ಕಕ್ಕೆ ತಟ್ಟುವುದಿಲ್ಲ.

ಬ್ಲಾಕ್‌ಗಳನ್ನು ಮಾತಿನಲ್ಲಿ ಬರೆದರೆ ಹೀಗೆ:

ಅಡ್ಡವೇಗ = ವೇಗ × ಕೋಸ್ ಕೋನ
ಮೇಲ್ವೇಗ = ವೇಗ × ಸೈನ್ ಕೋನ
ದೂರ = 0, ಎತ್ತರ = 0
ನೆಲ ಮುಟ್ಟುವ ತನಕ ಮತ್ತೆ ಮತ್ತೆ:
ದೂರಕ್ಕೆ ಅಡ್ಡವೇಗ ಸೇರಿಸು
ಎತ್ತರಕ್ಕೆ ಮೇಲ್ವೇಗ ಸೇರಿಸು
ಮೇಲ್ವೇಗದಲ್ಲಿ 1 ಕಳೆ
ಚೆಂಡನ್ನು (ದೂರ − 200, ಎತ್ತರ − 120) ಗೆ ಕಳಿಸು

ಕಾಗದದ ಗೇಮೇ ಇದು. ಹೊಸದಾಗಿ ಸೇರಿದ್ದು ಸೈನ್, ಕೋಸ್ ಮಾತ್ರ. ಸ್ಕ್ರ್ಯಾಚ್‌ನ ಸೈನ್, ಕೋಸ್ ಬ್ಲಾಕ್‌ಗಳು ಡಿಗ್ರಿಯಲ್ಲೇ ಕೆಲಸ ಮಾಡುತ್ತವೆ, ರೇಡಿಯನ್ ತಲೆನೋವಿಲ್ಲ. ತ್ರಿಕೋನಮಿತಿ ಇನ್ನೂ ಮುಟ್ಟದ ತರಗತಿಯಾದರೆ ಎರಡು ವೇಗಗಳನ್ನೂ ಸ್ಲೈಡರ್‌ನಲ್ಲೇ ಕೊಟ್ಟುಬಿಡಿ, ಏನೂ ಕೆಡುವುದಿಲ್ಲ.

ಮೊದಲ ಕೆಡುಕು: ಚೆಂಡು ಅಲುಗಾಡಲೇ ಇಲ್ಲ. ಸುಮಾರು ಜೋಡಿಗಳು "ಎತ್ತರ ಸೊನ್ನೆ ಅಥವಾ ಕಡಿಮೆ ಆಗುವ ತನಕ" ಅಂತ ಬರೆದಿದ್ದವು. ಹೊರಡುವಾಗಲೇ ಎತ್ತರ ಸೊನ್ನೆ ತಾನೇ? ಹೀಗಾಗಿ ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಭಾಗ, ಶುರುವಾಗುವ ಮೊದಲೇ ಮುಗಿದಿತ್ತು. "ಎತ್ತರ ಸೊನ್ನೆ ಅಥವಾ ಕಡಿಮೆ, ಜೊತೆಗೆ ಮೇಲ್ವೇಗ ಸೊನ್ನೆಗಿಂತ ಕಡಿಮೆ" ಅಂತ ಸೇರಿಸಿದ ಮೇಲೆ ಹಾರಿತು. ಕೆಳಗೆ ಬರುತ್ತಿರುವಾಗ ಮಾತ್ರ ನೆಲ ಮುಟ್ಟಬಹುದು ಅನ್ನುವುದು ಒಬ್ಬ ಹುಡುಗಿ ತಾನೇ ಕಂಡುಕೊಂಡ ಮಾತು.

ಒಂದೇ ಎಸೆತ, ಎರಡು ಜಾಗ

ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅಕ್ಕಪಕ್ಕದ ಎರಡು ಜೋಡಿಗಳು ಒಂದೇ ಬುಟ್ಟಿಗೆ ಎಸೆಯುತ್ತಿದ್ದವು. ವೇಗ 20, ಕೋನ 30 ಡಿಗ್ರಿ. ಒಂದು ಕಂಪ್ಯೂಟರ್‌ನಲ್ಲಿ ಚೆಂಡು ಹೊರಟ ಜಾಗದಿಂದ 364ರ ಹತ್ತಿರ ಬಿತ್ತು. ಇನ್ನೊಂದರಲ್ಲಿ 329ರಲ್ಲಿ. 35 ಪಿಕ್ಸೆಲ್ ಅಂದರೆ ಬುಟ್ಟಿಯ ಅಗಲಕ್ಕಿಂತ ಜಾಸ್ತಿ. "ಸರ್, ಇವರ ಕಂಪ್ಯೂಟರ್ ಸರಿ ಇಲ್ಲ" ಅನ್ನುವ ದೂರು ಮೊದಲು ಬಂತು. ಫೈಲ್ ಅದಲು ಬದಲು ಮಾಡಿ ನೋಡಿದರು. ಫೈಲ್ ಜೊತೆ ವ್ಯತ್ಯಾಸವೂ ಹೋಯಿತು. ಕಂಪ್ಯೂಟರ್ ಬಚಾವ್.

ಆಮೇಲೆ ಬ್ಲಾಕ್‌ಗಳನ್ನು ಸಾಲು ಸಾಲಾಗಿ ಹೋಲಿಸಿದರು. ಎಲ್ಲವೂ ಅದೇ. ಆದರೆ ಕ್ರಮ ಬೇರೆ. ಒಂದು ಜೋಡಿ ಮೊದಲು ಚೆಂಡನ್ನು ಸರಿಸಿ ಆಮೇಲೆ ಮೇಲ್ವೇಗದಲ್ಲಿ ಒಂದು ಕಳೆದಿತ್ತು. ಇನ್ನೊಂದು ಜೋಡಿ ಮೊದಲು ಕಳೆದು ಆಮೇಲೆ ಸರಿಸಿತ್ತು.

ಯಾವುದು ಸರಿ? ಪಠ್ಯದ ಲೆಕ್ಕ ಮಾಡಿ ನೋಡಿ ಅಂದೆ. ವೇಗದ ವರ್ಗ ಗುಣಿಸು ಸೈನ್ 60, ಭಾಗಿಸು ಗುರುತ್ವ. ಗುರುತ್ವ ಇಲ್ಲಿ 1, ಮೇಲ್ವೇಗದಲ್ಲಿ ಪ್ರತಿ ಸಲ ಕಳೆಯುವ ಅದೇ ಒಂದು. ಉತ್ತರ 346. ಇಬ್ಬರದೂ ಸರಿ ಇಲ್ಲ! 364 ಮತ್ತು 329ರ ಸರಾಸರಿ ತೆಗೆದರೆ ಮಾತ್ರ 346ಕ್ಕೆ ಬರುತ್ತದೆ. ತರಗತಿ ಒಂದು ಕ್ಷಣ ಗಲಾಟೆ ನಿಲ್ಲಿಸಿತು.

ಗ್ರಾಫ್ ಹಾಳೆಗೆ ವಾಪಸ್ ಹೋದೆವು. ಮೇಲ್ವೇಗ 5ರಿಂದ ಶುರು ಮಾಡಿದಾಗ ಮೊದಲ ವಿಧಾನದಲ್ಲಿ ಗರಿಷ್ಠ ಎತ್ತರ 15. ಮೊದಲೇ ಕಳೆದರೆ 4, 3, 2, 1 ಸೇರಿ 10. ಸೂತ್ರದ ಪ್ರಕಾರ 25ರ ಅರ್ಧ, 12.5. ಮತ್ತೆ ನಟ್ಟನಡುವೆ. ಕಾರಣ ಏನು? ಒಂದು ಸರದಿ ಅಂದರೆ ಒಂದು ಗಳಿಗೆ. ಆ ಗಳಿಗೆಯ ಶುರುವಿನಲ್ಲಿ ಮೇಲ್ವೇಗ 5, ಕೊನೆಯಲ್ಲಿ 4. ಒಂದು ಜೋಡಿ ಇಡೀ ಗಳಿಗೆ 5ರಲ್ಲೇ ಓಡಿಸಿತು. ಇನ್ನೊಂದು ಇಡೀ ಗಳಿಗೆ 4ರಲ್ಲೇ ಓಡಿಸಿತು. ನಿಜವಾದ ಚೆಂಡು ನಿಧಾನವಾಗಿ 5ರಿಂದ 4ಕ್ಕೆ ಇಳಿಯುತ್ತದೆ, ಅಂದರೆ ಸರಾಸರಿ 4.5.

ಹಾಗಾದರೆ ಬ್ಲಾಕ್ ಹೀಗಿರಬೇಕು: ಎತ್ತರಕ್ಕೆ (ಮೇಲ್ವೇಗ − 0.5) ಸೇರಿಸು, ಆಮೇಲೆ ಮೇಲ್ವೇಗದಲ್ಲಿ 1 ಕಳೆ. 4.5, 3.5, 2.5, 1.5, 0.5. ಕೂಡಿದರೆ 12.5, ಕರಾರುವಾಕ್ಕು.

ಈ 0.5 ಎಲ್ಲಿಯದು ಅಂತ ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: "ಸರ್, ಅರ್ಧ ಎ ಟಿ ಸ್ಕ್ವೇರ್." ಚಲನೆಯ ಎರಡನೇ ಸೂತ್ರ ಅದೇ. ಮೊದಲ ವೇಗ ಗುಣಿಸು ಕಾಲ, ಅದಕ್ಕೆ ವೇಗೋತ್ಕರ್ಷ ಗುಣಿಸು ಕಾಲದ ವರ್ಗದ ಅರ್ಧ. ಆ ಅರ್ಧವನ್ನು ಒಂಬತ್ತನೇ ತರಗತಿಯಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಅದು ಇಲ್ಲದಿದ್ದರೆ ಚೆಂಡು ಬುಟ್ಟಿ ದಾಟಿ ಬೀಳುತ್ತದೆ ಅಂತ ಈಗ ನೋಡಿದರು. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಆದರೂ ಲ್ಯಾಬ್ ಅವಧಿಗಳಿಗೆ ಕೊಟ್ಟ ಸಮಯ ವಸೂಲಾಯಿತು ಅಂತ ನನ್ನ ಲೆಕ್ಕ.

ಗೋಡೆ ದಾಟಿದ ಚೆಂಡು

ಮೊದಲ ಬಾರಿ ಬೇರೆ ತರಗತಿಯ ಮಕ್ಕಳನ್ನು ಕರೆಸಿ ಆಡಿಸಿದೆವು. ನಿಯಮ ಒಂದೇ: ಕಟ್ಟಿದವರು ಪಕ್ಕದಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನೋಡಬೇಕು, ಬರೆದುಕೊಳ್ಳಬೇಕು. ಹದಿನೈದು ವರ್ಷದವರಿಗೆ ಇದಕ್ಕಿಂತ ಕಷ್ಟದ ಶಿಕ್ಷೆ ಇಲ್ಲ. "ಅಲ್ಲಿ ಅಲ್ಲ, ಇಲ್ಲಿ ಒತ್ತು" ಅನ್ನಲು ನಾಲಿಗೆ ತುರಿಸುತ್ತಿರುತ್ತದೆ. ಆದರೆ ಹೇಳಿಕೊಟ್ಟರೆ ಗೇಮ್ ಎಲ್ಲಿ ಗೊಂದಲ ಮಾಡುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ.

ಗೊತ್ತಾದ ದೊಡ್ಡ ವಿಷಯ: ಎಲ್ಲರೂ 45 ಡಿಗ್ರಿಗೆ ಇಟ್ಟು ವೇಗವನ್ನು ಮಾತ್ರ ತಿರುಗಿಸುತ್ತಿದ್ದರು. ನಾಲ್ಕು ಎಸೆತದಲ್ಲಿ ಗೆದ್ದು ಎದ್ದು ಹೋಗುತ್ತಿದ್ದರು. ಕೋನಕ್ಕೆ ಕೆಲಸವೇ ಇರಲಿಲ್ಲ.

ಪರಿಹಾರ ಗೋಡೆ. ಚೆಂಡಿಗೂ ಬುಟ್ಟಿಗೂ ಸರಿ ನಡುವೆ. ಎಷ್ಟು ಎತ್ತರ ಅನ್ನುವುದು ಪ್ರಶ್ನೆ. ಸುಮ್ನೆ ಅಂದಾಜಿಗೆ ಇಟ್ಟವರ ಹಂತಗಳು ಒಂದೋ ತೀರಾ ಸುಲಭ, ಇಲ್ಲವೇ ಅಸಾಧ್ಯ. ಒಂದು ಜೋಡಿ ಲೆಕ್ಕಕ್ಕೆ ಇಳಿಯಿತು. ಗರಿಷ್ಠ ಎತ್ತರ = ಬೀಳುವ ದೂರ × ಟ್ಯಾನ್ ಕೋನ ÷ 4. 45 ಡಿಗ್ರಿಗೆ ಟ್ಯಾನ್ 1, ಹಾಗಾಗಿ ಎತ್ತರ ದೂರದ ಕಾಲು ಭಾಗ. 346 ದೂರದ ಬುಟ್ಟಿಗೆ 86.5. ಗೋಡೆಯನ್ನು 100 ಮಾಡಿದರೆ 45 ಡಿಗ್ರಿ ಎಸೆತ ಗೋಡೆಗೆ ಬಡಿಯುತ್ತದೆ. 30 ಡಿಗ್ರಿಯದು 50ರಷ್ಟೇ ಏರುತ್ತದೆ, ಅದೂ ಬಡಿಯುತ್ತದೆ. 60 ಡಿಗ್ರಿಯದು 150ಕ್ಕೆ ಏರಿ, ದಾಟಿ, ಬುಟ್ಟಿಗೆ ಬೀಳುತ್ತದೆ. 30ಕ್ಕೂ 60ಕ್ಕೂ ಬೀಳುವ ಜಾಗ ಒಂದೇ ಅನ್ನುವುದು ಪುಸ್ತಕದಲ್ಲಿ ಒಂದು ಸಾಲು. ಇಲ್ಲಿ ಅದು ಎರಡು ಹಂತಗಳ ನಡುವಿನ ವ್ಯತ್ಯಾಸ ಆಯಿತು.

ಗೋಡೆ ಬಂದ ಮೇಲೆ ಹೊಸ ಕೆಡುಕು. ಒಂದು ಜೋಡಿ ಚೆಂಡನ್ನು ಬಹಳ ಚಿಕ್ಕದು ಮಾಡಿತ್ತು, 6 ಪಿಕ್ಸೆಲ್. ಗೋಡೆಯೂ 6 ಪಿಕ್ಸೆಲ್ ದಪ್ಪ. ಚೆಂಡು ಒಂದೊಂದು ಹೆಜ್ಜೆಗೆ 17 ಪಿಕ್ಸೆಲ್ ಹಾರುತ್ತಿತ್ತು. ಕೆಲವು ಸಲ ಒಂದು ಹೆಜ್ಜೆಯಲ್ಲಿ ಗೋಡೆಯ ಈಚೆ, ಮುಂದಿನ ಹೆಜ್ಜೆಯಲ್ಲಿ ಆಚೆ. ಗೋಡೆ ಮುಟ್ಟಿತೇ ಅಂತ ಕೇಳುವ ಬ್ಲಾಕಿಗೆ ಮುಟ್ಟಿದ ಗಳಿಗೆಯೇ ಸಿಗಲಿಲ್ಲ. ವೃತ್ತಿಯವರ ಗೇಮ್‌ಗಳಲ್ಲೂ ಇದು ಇರುವ ಕಾಯಿಲೆ, ಟನೆಲಿಂಗ್ ಅನ್ನುತ್ತಾರೆ.

ಗೋಡೆ ದಪ್ಪ ಮಾಡುವುದು ಒಂದು ದಾರಿ. ಅವರು ಇನ್ನೊಂದನ್ನು ಆರಿಸಿಕೊಂಡರು: ಪ್ರತಿ ಹೆಜ್ಜೆಯನ್ನು ನಾಲ್ಕು ತುಂಡು ಮಾಡುವುದು. ಕಾಲ = 0.25 ಅಂತ ವೇರಿಯಬಲ್. ದೂರಕ್ಕೆ ಅಡ್ಡವೇಗ × ಕಾಲ. ಎತ್ತರಕ್ಕೆ ಮೇಲ್ವೇಗ × ಕಾಲ − 0.5 × ಕಾಲ × ಕಾಲ. ಮೇಲ್ವೇಗದಲ್ಲಿ ಕಾಲದಷ್ಟು ಕಳೆ. ಇಲ್ಲಿ ಎರಡು ಕಡೆ ಮಕ್ಕಳು ಎಡವುತ್ತಾರೆ, ಕಾಯ್ದು ನೋಡಿ. ಒಂದು, ವೇಗಗಳನ್ನು ನಾಲ್ಕರಿಂದ ಭಾಗಿಸಿ ಗುರುತ್ವವನ್ನು ಹಾಗೇ ಬಿಡುವುದು. ಆಗ ಗುರುತ್ವ ಹದಿನಾರು ಪಟ್ಟು ಆಗಿ ಚೆಂಡು ಕಲ್ಲಿನ ಹಾಗೆ ಬೀಳುತ್ತದೆ. ಎರಡು, ಕಾಲದ ವರ್ಗ ಮರೆಯುವುದು. ಇದು ಕಣ್ಣಿಗೆ ಅಷ್ಟು ಬೇಗ ಕಾಣುವುದಿಲ್ಲ, ಎಸೆತ ಸ್ವಲ್ಪ ಹತ್ತಿರ ಬೀಳುತ್ತದೆ ಅಷ್ಟೇ.

ಇಷ್ಟೆಲ್ಲ ಆದ ಮೇಲೆ ಚೆಂಡು ಸ್ಲೋ ಮೋಷನ್‌ನಲ್ಲಿ ಹಾರಿತು. ಸ್ಕ್ರ್ಯಾಚ್ ಲೂಪಿನ ಪ್ರತಿ ಸುತ್ತಿಗೂ ಪರದೆಯನ್ನು ಹೊಸದಾಗಿ ಬರೆಯುತ್ತದೆ, ಸೆಕೆಂಡಿಗೆ 30 ಸಲ. ನಾಲ್ಕು ಪಟ್ಟು ಸುತ್ತು ಅಂದರೆ ನಾಲ್ಕು ಪಟ್ಟು ಹೊತ್ತು. ನಾಲ್ಕು ತುಂಡುಗಳನ್ನು ಒಂದು ಸ್ವಂತ ಬ್ಲಾಕಿನೊಳಗೆ ಹಾಕಿ, ಅದನ್ನು ಮಾಡುವಾಗ ಪರದೆ ರಿಫ್ರೆಶ್ ಬೇಡ ಅನ್ನುವ ಆಯ್ಕೆಗೆ ಟಿಕ್ ಹಾಕಬೇಕು. ಒಳಗೆ ನಾಲ್ಕು ಸಲ ಸರಿಯುತ್ತದೆ, ನಾಲ್ಕು ಸಲ ಗೋಡೆ ಕೇಳುತ್ತದೆ, ಕಣ್ಣಿಗೆ ಒಂದೇ ಹೆಜ್ಜೆ.

ಇಷ್ಟರಲ್ಲಿ ಒಂದೆರಡು ಸಣ್ಣ ರಿಪೇರಿಗಳೂ ಆದವು. ಹಸಿರು ಬಾವುಟ ಒತ್ತಿದರೆ ಹಳೇ ಸ್ಕೋರ್ ಹಾಗೇ ಉಳಿಯುತ್ತಿತ್ತು, ಶುರುವಿನಲ್ಲಿ ಸೊನ್ನೆ ಮಾಡುವ ಬ್ಲಾಕ್ ಸೇರಿತು. ಪೆನ್ ಎಕ್ಸ್‌ಟೆನ್ಷನ್ (ಪರದೆಯ ಮೇಲೆ ಗೆರೆ ಬರೆಯುವ ಹೆಚ್ಚುವರಿ ಬ್ಲಾಕ್‌ಗಳು) ಹಾಕಿ ಹಿಂದಿನ ಎಸೆತದ ಚುಕ್ಕೆಗಳನ್ನು ಪರದೆಯ ಮೇಲೆ ಉಳಿಸಿದರು. ಇದರಿಂದ ಆಡುವವರ ವರ್ತನೆಯೇ ಬದಲಾಯಿತು. ಮೊದಲು ಕಣ್ಣುಮುಚ್ಚಿ ಎಸೆಯುತ್ತಿದ್ದವರು ಹಿಂದಿನ ಗೆರೆ ನೋಡಿ ಎರಡು ಡಿಗ್ರಿ ತಿದ್ದತೊಡಗಿದರು.

ಫೋನಿಗೆ ಸಾಗಿಸುವಾಗ

ಆ್ಯಪ್ ಕಟ್ಟಲು ಎಂಐಟಿ ಆ್ಯಪ್ ಇನ್ವೆಂಟರ್ ಬಳಸಿದೆವು. ಗೂಗಲ್‌ನಲ್ಲಿ ಶುರುವಾಗಿ, 2010ರಲ್ಲಿ ಹೊರಬಂದು, ಆಮೇಲೆ ಎಂಐಟಿ ಕೈಗೆ ಹೋದ ಸಾಧನ ಇದು. ಸ್ಕ್ರ್ಯಾಚ್ ಬಂದವರಿಗೆ ಬ್ಲಾಕ್ ಜೋಡಿಸುವುದು ಹೊಸದಲ್ಲ. ಆದರೆ ನಕಲು ಮಾಡಿದರೆ ಚೆಂಡು ತಲೆಕೆಳಗಾಗಿ ಹಾರುತ್ತದೆ.

ಆ್ಯಪ್ ಇನ್ವೆಂಟರ್‌ನ ಕ್ಯಾನ್ವಾಸ್‌ನಲ್ಲಿ (ಚೆಂಡು ಹಾರಾಡುವ ಜಾಗ) ಸೊನ್ನೆ ಇರುವುದು ಎಡ ಮೇಲ್ಮೂಲೆಯಲ್ಲಿ. ಕೆಳಗೆ ಹೋದಷ್ಟೂ ವೈ ಹೆಚ್ಚುತ್ತದೆ. ದಿಕ್ಕಿನ ಲೆಕ್ಕವೂ ಬೇರೆ. ಸ್ಕ್ರ್ಯಾಚ್‌ನಲ್ಲಿ 0 ಅಂದರೆ ಮೇಲಕ್ಕೆ, 90 ಅಂದರೆ ಬಲಕ್ಕೆ. ಇಲ್ಲಿ 0 ಬಲಕ್ಕೆ, 90 ಮೇಲಕ್ಕೆ, ಗಣಿತದ ಪುಸ್ತಕದಲ್ಲಿ ಇರುವ ಹಾಗೆ. ದೂರ, ಎತ್ತರ ಅಂತ ಬೇರೆ ವೇರಿಯಬಲ್ ಇಟ್ಟವರು ಚೆಂಡನ್ನು ಕಳಿಸುವ ಕೊನೆಯ ಸಾಲನ್ನು ಮಾತ್ರ ತಿದ್ದಿದರು: ವೈ = ಕ್ಯಾನ್ವಾಸ್ ಎತ್ತರ − ನೆಲ − ಎತ್ತರ. ಎಲ್ಲ ಕಡೆ ವೈ ಬಳಸಿದ್ದವರು ಎಲ್ಲ ಕಡೆ ಚಿಹ್ನೆ ಹುಡುಕುತ್ತಾ ಕೂತರು.

ಫೋನ್ ಪರದೆಗಳ ಅಗಲ ಬೇರೆ ಬೇರೆ. ಒಬ್ಬರ ಫೋನಿನಲ್ಲಿ ಬುಟ್ಟಿ ಅಂಚಿನಲ್ಲಿ, ಇನ್ನೊಬ್ಬರದರಲ್ಲಿ ಕಾಣಿಸುವುದೇ ಇಲ್ಲ. ಗೇಮಿನ ಲೋಕ 440 ಅಗಲ ಅಂತ ನಿಗದಿ ಮಾಡಿ, ಕ್ಯಾನ್ವಾಸ್ ಅಗಲವನ್ನು 440ರಿಂದ ಭಾಗಿಸಿ ಬಂದದ್ದರಿಂದ ದೂರ, ಎತ್ತರ ಎರಡನ್ನೂ ಗುಣಿಸಿದರೆ ಆಯಿತು. ಎತ್ತರಕ್ಕೆ ಬೇರೆ ಅನುಪಾತ ಹಾಕಿದ ಜೋಡಿಯ ಪರವಲಯ ಚಪ್ಪಟೆಯಾಗಿತ್ತು. ಸಮರೂಪ ತ್ರಿಭುಜದ ಪಾಠ ನೆನಪಿಸಲು ಒಳ್ಳೇ ಗಳಿಗೆ.

ಸಮಯದ ತೊಂದರೆ ಇನ್ನೂ ಸ್ವಾರಸ್ಯದ್ದು. ನಿಗದಿತ ಹೊತ್ತಿಗೊಮ್ಮೆ ಬ್ಲಾಕ್‌ಗಳನ್ನು ಓಡಿಸುವ ಕ್ಲಾಕ್ ಕಾಂಪೊನೆಂಟಿಗೆ 33 ಮಿಲಿಸೆಕೆಂಡ್ ಕೊಟ್ಟರೂ ಹಳೇ ಫೋನ್ ಅದನ್ನು ಪಾಲಿಸುವುದಿಲ್ಲ. ಚೆಂಡು ಅಲ್ಲಿ ನಿಧಾನ. ಪ್ರತಿ ಸಲ ಕ್ಲಾಕ್‌ನ ಸಿಸ್ಟಮ್ ಟೈಮ್ ಓದಿ, ಅದರಿಂದ ಹಿಂದಿನದನ್ನು ಕಳೆದು, ನಿಜವಾಗಿ ಎಷ್ಟು ಹೊತ್ತು ಆಯಿತೋ ಅದನ್ನು 33ರಿಂದ ಭಾಗಿಸಿ ಕಾಲ ಅಂತ ಹಾಕಬೇಕು. ಕಾಲದ ವರ್ಗ ಸೇರಿಸಿ ಸೂತ್ರ ಪೂರ್ತಿ ಬರೆದಿದ್ದವರಿಗೆ ಇದು ಒಂದೇ ಬದಲಾವಣೆ. ಬರೀ 0.5 ಅಂತ ಅಂಟಿಸಿದ್ದವರು ಮತ್ತೆ ಸೂತ್ರಕ್ಕೆ ವಾಪಸ್.

ಲ್ಯಾಬ್ ವ್ಯವಸ್ಥೆ ಬಗ್ಗೆ ಒಂದು ಎಚ್ಚರಿಕೆ. ಕಂಪ್ಯಾನಿಯನ್ ಆ್ಯಪ್ ಮೂಲಕ ಫೋನಿನಲ್ಲಿ ಪರೀಕ್ಷಿಸಲು ಫೋನ್, ಕಂಪ್ಯೂಟರ್ ಎರಡೂ ಒಂದೇ ವೈಫೈನಲ್ಲಿ ಇದ್ದರೆ ಸರಾಗ. ಎಷ್ಟೋ ಕಡೆ ವೈಫೈ ಸಾಧನಗಳನ್ನು ಒಂದಕ್ಕೊಂದು ಮಾತಾಡಲು ಬಿಡುವುದಿಲ್ಲ. ಯುಎಸ್‌ಬಿ ಕೇಬಲ್ ಇಟ್ಟುಕೊಂಡಿರಿ.

ಕನ್ನಡ ಅಕ್ಷರದ ಗೇಮ್

ಒಂದು ಗುಂಪಿಗೆ ಚೆಂಡು ಬೇಡವಾಗಿತ್ತು. ಅಡಗಿಸಿದ ಪದವನ್ನು ಅಕ್ಷರ ಅಕ್ಷರವಾಗಿ ಊಹಿಸುವ ಗೇಮ್ ಕಟ್ಟಿದರು. ಕನ್ನಡ ಅಂತ ಪದ ಕೊಟ್ಟರೆ ಪರದೆಯ ಮೇಲೆ ಮೂರರ ಬದಲು ಐದು ಖಾಲಿ ಮನೆ. ಸ್ಕ್ರ್ಯಾಚ್ ಯೂನಿಕೋಡ್ (ಕಂಪ್ಯೂಟರಿನ ಅಕ್ಷರ ಸಂಕೇತ) ಚಿಹ್ನೆಗಳನ್ನು ಎಣಿಸುತ್ತದೆ: ಕ, ನ, ಹಲಂತ ಚಿಹ್ನೆ (್), ನ, ಡ. ಸ್ಪರ್ಧೆ ಅನ್ನುವ ಎರಡಕ್ಷರದ ಪದಕ್ಕೆ ಏಳು ಮನೆ. ಒಂದು ಮನೆಯಲ್ಲಿ ಬರೀ ಎತ್ವ ಒಂಟಿಯಾಗಿ ಕೂತಿತ್ತು. ಅಕ್ಷರ ಒಡೆಯುವ ಬ್ಲಾಕನ್ನು ಪೂರ್ತಿ ಬಿಟ್ಟು, ಪ್ರತಿ ಪದವನ್ನೂ ಲಿಸ್ಟ್ ಮಾಡಿ, ಒಂದೊಂದು ಸಾಲಿಗೆ ಒಂದು ಪೂರ್ಣ ಅಕ್ಷರ ಇಟ್ಟರು. ಗುಣಿತಾಕ್ಷರ, ಒತ್ತಕ್ಷರ ಬಿಡಿಸುವ ಪಾಠವನ್ನು ಅವರು ಇಷ್ಟು ಗಂಭೀರವಾಗಿ ಹಿಂದೆ ತೆಗೆದುಕೊಂಡಿದ್ದು ನಾನಂತೂ ನೋಡಿಲ್ಲ.

ಅಂಕ ಹೇಗೆ ಕೊಟ್ಟೆ

ಮುಗಿದ ಗೇಮಿಗೆ ಅಂಕ ಇಲ್ಲ. ಚೆಂದದ ಚಿತ್ರ ಬರೆಯುವವರು ಗೆದ್ದುಬಿಡುತ್ತಾರೆ. ಅಂಕ ಕೊಟ್ಟದ್ದು ರಿಪೇರಿ ಪುಸ್ತಕಕ್ಕೆ. ಮೂರು ಕಾಲಂ: ಏನು ಕಂಡಿತು, ಏನು ಬದಲಿಸಿದೆವು, ಆಮೇಲೆ ಏನಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಬ್ಲಾಕ್ ಒಟ್ಟಿಗೆ ಬದಲಿಸಿ ಸರಿಹೋದರೆ ಅಂಕ ಇಲ್ಲ, ಯಾಕೆಂದರೆ ಯಾವುದರಿಂದ ಸರಿಹೋಯಿತು ಅಂತ ಅವರಿಗೇ ಗೊತ್ತಿರುವುದಿಲ್ಲ. ಜೋಡಿಯಲ್ಲಿ ಮೌಸ್ ಹಿಡಿಯದವರು ಪುಸ್ತಕ ಬರೆಯಬೇಕು, ಅವಧಿಯ ಅರ್ಧಕ್ಕೆ ಅದಲು ಬದಲು. ಇಲ್ಲದಿದ್ದರೆ ಮೌಸ್ ಯಾವಾಗಲೂ ಒಬ್ಬರ ಕೈಯಲ್ಲೇ ಇರುತ್ತದೆ.

ಎಲ್ಲ ಪಾಠಕ್ಕೂ ಇದು ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಪಾಠ ಓದಿಸಿ ಲೆಕ್ಕ ಮಾಡಿಸಿದ್ದರೆ ಇದರ ಕಾಲು ಭಾಗ ಹೊತ್ತಿನಲ್ಲಿ ಮುಗಿಯುತ್ತಿತ್ತು. ಚಲನೆ, ಸಂಭವನೀಯತೆ, ಜೀವಿಗಳ ಸಂಖ್ಯೆ ಬೆಳೆಯುವ ರೀತಿ, ಇಂಥವಕ್ಕೆ ಒಪ್ಪುತ್ತದೆ. ಹೆಜ್ಜೆ ಹೆಜ್ಜೆಯಾಗಿ ಓಡಿಸಬಹುದಾದ ನಿಯಮ ಅಲ್ಲಿ ಇದೆ. ಯುದ್ಧ, ಬರಗಾಲದಂಥ ವಿಷಯಕ್ಕೆ ಸ್ಕೋರ್ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಈಗ ಮೇಜಿನ ಮೇಲಿರುವ ಕೆಲಸ ಗಾಳಿಯ ತಡೆ. ಪ್ರತಿ ಹೆಜ್ಜೆಗೆ ಎರಡೂ ವೇಗಗಳನ್ನು 0.98ರಿಂದ ಗುಣಿಸುವ ಎರಡು ಬ್ಲಾಕ್ ಸೇರಿಸಿದ್ದಾರೆ. ಸೇರಿಸಿದ ಕೂಡಲೇ 30ಕ್ಕೂ 60ಕ್ಕೂ ಇದ್ದ ಸಮಾನತೆ ಹೋಯಿತು, ಅತಿ ದೂರ ಹೋಗುವ ಕೋನ 45ಕ್ಕಿಂತ ಕೆಳಗೆ ಇಳಿಯಿತು, ಗೋಡೆ ಎತ್ತರದ ಲೆಕ್ಕವೂ ಕೈಕೊಟ್ಟಿತು. ಪುಸ್ತಕದ ಸೂತ್ರ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಒಂದು ಜೋಡಿ ಚೆಂಡನ್ನು ಅಡಗಿಸಿ, 1ರಿಂದ 89ರವರೆಗೆ ಪ್ರತಿ ಡಿಗ್ರಿಗೂ ತಾನೇ ಎಸೆದು ಬಿದ್ದ ದೂರವನ್ನು ಲಿಸ್ಟಿಗೆ ಬರೆಯುವ ಲೂಪ್ ಕಟ್ಟುತ್ತಿದೆ. ಆ ಲಿಸ್ಟ್ ನೋಡಿಕೊಂಡು ಹೊಸ ಹಂತಗಳಿಗೆ ಬುಟ್ಟಿ, ಗೋಡೆ ಇಡುತ್ತಾರಂತೆ. ಲೂಪ್ ಸದ್ಯ 57ನೇ ಡಿಗ್ರಿಯಲ್ಲಿ ನಿಂತುಬಿಡುತ್ತಿದೆ. ಯಾಕೆ ಅಂತ ರಿಪೇರಿ ಪುಸ್ತಕದ ಮೊದಲ ಕಾಲಂ ತುಂಬುತ್ತಿದೆ.